ಕೆಜಿಎಫ್‌ನಲ್ಲಿ ಮನೆ ನಿಜವಾಗಿಯೂ ಅದುರುತ್ತಿತ್ತಾ?

ಕೆಜಿಎಫ್‌ನ ಗಣಿ ಲೈನುಗಳಲ್ಲಿ, ಕಂಪನಿ ಕ್ವಾರ್ಟರ್ಸ್‌ಗಳಲ್ಲಿ ಬೆಳೆದವರ ಬಾಲ್ಯದ ನೆನಪು ಕೆದಕಿದರೆ ಶಿಫ್ಟಿನ ಸೈರನ್, ಸೈನೈಡ್ ದಿಬ್ಬ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡೆ), ಏರ್ ಬ್ಲಾಸ್ಟ್ (ಧಡ್ ಎಂದು ಮನೆಯನ್ನೇ ಅದುರಿಸುತ್ತಿದ್ದ ಸದ್ದು) ಬಂದೇ ಬರುತ್ತವೆ. ಮೊದಲೆರಡನ್ನು ಎಲ್ಲರೂ ಒಪ್ಪುತ್ತಾರೆ. ಮೂರನೆಯದು ಬಂದಾಗ ಮಾತ್ರ, ‘ಕೆಳಗೆ ಡೈನಮೈಟ್ ಸಿಡಿಸಿದ್ದಿರಬೇಕು, ಅಲ್ವಾ?’ ಅನ್ನುತ್ತಾರೆ.

ಅಲ್ಲ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗಿನ ಮಾಮೂಲಿ ಸಿಡಿತ ಮೇಲಿನ ಮನೆಯ ಪಾತ್ರೆ ಅಲುಗಿಸುವುದಿಲ್ಲ. ಅಲುಗಿಸುತ್ತಿದ್ದುದು ಭಾರ ತಾಳದೆ ತಾನಾಗಿ ಸಿಡಿಯುವ ಬಂಡೆಯೇ. ಎಂಜಿನಿಯರುಗಳು ರಾಕ್ ಬರ್ಸ್ಟ್ ಅನ್ನುವುದು ಇದನ್ನೇ.

ಲೆಕ್ಕ ಸರಳ. ಘನ ಮೀಟರಿಗೆ ಸುಮಾರು 2.7 ಟನ್ ತೂಗುವ ಬಂಡೆ 3 ಕಿಲೋಮೀಟರ್ ಎತ್ತರಕ್ಕೆ ಮೇಲೆ ಕೂತರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ ಹತ್ತಿರ ಹತ್ತಿರ 800 ಕೆಜಿ ಭಾರ. ಅದಿರು ತೆಗೆದ ಜಾಗ ಖಾಲಿಯಾದಾಗ ಆ ಭಾರವೆಲ್ಲ ಅಕ್ಕಪಕ್ಕದ ಬಂಡೆಯ ಮೇಲೆ ಬೀಳುತ್ತದೆ. ಮೆದು ಕಲ್ಲಾಗಿದ್ದರೆ ನಿಧಾನವಾಗಿ ಕುಸಿದು ಸುಮ್ಮನಾಗುತ್ತಿತ್ತು. ಕೋಲಾರದ್ದು ಗಟ್ಟಿ ಕಲ್ಲು, ಭಾರ ತಾಳಿಕೊಂಡೇ ಇದ್ದು ಒಮ್ಮೆಲೇ ಸಿಡಿಯುತ್ತದೆ. ಸುತ್ತಲೂ ಅದಿರು ತೆಗೆದು ನಡುವೆ ಬಿಟ್ಟ ಸಣ್ಣ ಕಂಬಗಳು, ಬಂಡೆಯ ಹಳೇ ಬಿರುಕುಗಳ ಆಸುಪಾಸಿನ ಜಾಗಗಳು ಹೆಚ್ಚು ಅಪಾಯದವು. ಮರದ ಆಧಾರ ಕೊಟ್ಟರೆ ಮರ ಮೊದಲು ಜಗ್ಗುತ್ತದೆ, ಅಷ್ಟರೊಳಗೆ ಗೋಡೆಗಳು ಹತ್ತಿರ ಸರಿದಿರುತ್ತವೆ. ಅದಕ್ಕೇ ಆಮೇಲೆ ಚಪ್ಪಡಿಯಂತೆ ಕಡಿದ ಗ್ರಾನೈಟ್ ಕಲ್ಲುಗಳನ್ನು ಪೇರಿಸಿ ಆಧಾರ ಕೊಡತೊಡಗಿದರು.

ಮೇಲೆ ಗೊತ್ತಾಗುತ್ತಿದ್ದುದು ಹೀಗೆ: ಧಡ್ ಎಂಬ ಸದ್ದು, ಜೊತೆಗೇ ಅದುರು, ಕೆಲವೇ ಕ್ಷಣದಲ್ಲಿ ಮುಗಿತು. ದೂರದ ಭೂಕಂಪದ ಹಾಗೆ ತೂಗಾಡುವುದಿಲ್ಲ. ತಗಡಿನ ಮಾಡು ಗಲಗಲ ಅನ್ನುತ್ತಿತ್ತು, ಆದರೆ ಹಗುರವಾದ್ದರಿಂದ ಪೆಟ್ಟು ಕಡಿಮೆ. ಇಟ್ಟಿಗೆ, ಕಲ್ಲಿನ ಗೋಡೆಗಳಲ್ಲಿ ಬಾಗಿಲು-ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತಿತ್ತು. ಲೈನಿನ ಮಕ್ಕಳಿಗೆ ಇದು ಬರೀ ಮೋಜಲ್ಲ. ಅದುರು ನಿಂತ ಕೂಡಲೇ ಕೇಳುವುದು, ‘ಅಪ್ಪ ಈಗ ಯಾವ ಶಿಫ್ಟ್?’

ಹಾಗಂತ ಊರಿನ ಪ್ರತಿ ಬಿರುಕನ್ನೂ ಗಣಿಯ ತಲೆಗೆ ಕಟ್ಟುವುದು ತಪ್ಪು. ಹಳೇ ಗಾರೆ, ಕುಸಿದ ತಳಪಾಯ ಕೂಡ ಬಿರುಕು ಬಿಡಿಸುತ್ತವೆ. ಆದರೆ 2001ರಲ್ಲಿ ಗಣಿ ಮುಚ್ಚಿದ್ದರಿಂದ ಅದುರು ನಿಂತಿದೆ ಅನ್ನುವುದೂ ಸರಿಯಲ್ಲ. ಪಂಪು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿತು. ಬಂಡೆಯ ಬಿರುಕಿಗೆ ನೀರಿನ ಒತ್ತಡ ಸೇರಿದರೆ ಅದು ಜಾರುವುದು ಸುಲಭ. ಆಮೇಲೂ ಅಲ್ಲಿ ಕಂಪನಗಳು ದಾಖಲಾಗಿವೆ. ಹಳೇ ಕ್ವಾರ್ಟರ್ಸ್‌ನಲ್ಲಿ ಈಗಲೂ ಇರುವವರು ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಸಿಮೆಂಟ್ ಹಾಕಿ ಕೂರಿಸಿ, ಪಕ್ಕದಲ್ಲಿ ತಾರೀಕು ಬರೆದಿಡಿ. ಗಾಜು ಒಡೆದರೆ ಬಿರುಕು ಇನ್ನೂ ಅಗಲವಾಗುತ್ತಿದೆ ಎಂದರ್ಥ.