ಜಾತಿ ಕಾಲಂ ಮುಂದೆ ನಮ್ಮ ಸಭೆ

ನಮ್ಮ ಚರ್ಚ್ ಸಭೆಯ ವಾಟ್ಸಾಪ್ ಗ್ರೂಪ್‌ನಲ್ಲಿ ಸಾಮಾನ್ಯವಾಗಿ ಮೂರೇ ವಿಷಯ. ಬೆಳಗಿನ ವಾಕ್ಯ, ಹುಟ್ಟುಹಬ್ಬದ ಶುಭಾಶಯ, ಯಾರಾದರೂ ತೀರಿಕೊಂಡರೆ ಮಣ್ಣು ಎಷ್ಟು ಗಂಟೆಗೆ ಅನ್ನೋದು. 2025ರ ಸೆಪ್ಟೆಂಬರ್‌ನಲ್ಲಿ ಮಾತ್ರ ಆ ಗ್ರೂಪ್ ಹೊತ್ತಿ ಉರಿಯಿತು. ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಮನೆಮನೆ ಜಾತಿ ಸಮೀಕ್ಷೆ 22ನೇ ತಾರೀಖು ಶುರು ಅಂತ ಆಗಿತ್ತು. ಬೆಸ್ಕಾಂ ಮೀಟರ್ ರೀಡರ್ ಬಂದು ಬಾಗಿಲ ಪಕ್ಕ ಸ್ಟಿಕ್ಕರ್ ಅಂಟಿಸಿ ಹೋಗಿದ್ದ. ಒಟ್ಟು 60 ಪ್ರಶ್ನೆ. ಧರ್ಮದ ಕಾಲಂ ನಮ್ಮಲ್ಲಿ ಯಾರಿಗೂ ತಲೆನೋವಲ್ಲ. ಅದರ ಮುಂದಿನದು ಜಾತಿ. ಅಲ್ಲಿ ಏನು ಬರೆಸಬೇಕು?

"ಕ್ರೈಸ್ತರಿಗೆ ಜಾತಿ ಇಲ್ಲ. ಅಲ್ಲೂ ಕ್ರೈಸ್ತ ಅಂತಲೇ ಬರೆಸಿ" ಎಂದು ಖಜಾಂಚಿ ಅಂಕಲ್ ದಪ್ಪ ಅಕ್ಷರದಲ್ಲಿ ಹಾಕಿದರು. ಕೆಳಗೆ ಸಾಲುಸಾಲು ಆಮೆನ್. ಆಮೇಲೆ ಸಂಡೇ ಸ್ಕೂಲ್ ಕಲಿಸುವ ಹುಡುಗ ಬರೆದ: "ಹಾಗಾದ್ರೆ ಅಂಕಲ್, ನಿಮ್ಮ ಮಗಳಿಗೆ ಗಂಡು ನೋಡುವಾಗ ನಮ್ಮ ಮನೆ ಯಾಕೆ ಬೇಡ ಅಂದ್ರಿ?" ಸ್ವಲ್ಪ ಹೊತ್ತಿಗೆ ಆ ಮೆಸೇಜ್ ಡಿಲೀಟ್ ಆಯಿತು. ಅಷ್ಟರಲ್ಲಿ ಓದಬೇಕಾದವರೆಲ್ಲ ಓದಿದ್ದರು. ಮಾತು ಬದಲಿಸೋಕೋ ಏನೋ, ಇನ್ನೊಬ್ಬ ಹಿರಿಯರು ಎರಡನೇ ಸಮುವೇಲ 24ನೇ ಅಧ್ಯಾಯ ಹಾಕಿದರು. ದಾವೀದ ಜನಗಣತಿ ಮಾಡಿಸಿದ್ದಕ್ಕೆ ದೇಶಕ್ಕೇ ವ್ಯಾಧಿ ಬಂತಂತೆ, ಅದಕ್ಕೆ ಸಮೀಕ್ಷೆಯೇ ಬೇಡವಂತೆ. ನನಗೆ ನಗು ತಡೆಯೋಕೆ ಆಗಲಿಲ್ಲ.

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರು. ಊರಿನ ಹೆಸರು ಬೇಡ, ಸಭೆ ಚಿಕ್ಕದು. ವೆಸ್ಲಿಯನ್ ಮಿಷನ್ ಕಾಲದಲ್ಲಿ ಬೆಳೆದ ಪ್ರೊಟೆಸ್ಟಂಟ್ ಸಭೆ. ಅಪ್ಪನ ಕಡೆಯ ಹಿರಿಯರು 1876ರಿಂದ 78ರವರೆಗಿನ ಬರದಲ್ಲಿ ಉಳಿದ ಮಕ್ಕಳು. ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಸತ್ತರು. ದಾರಿಯಲ್ಲಿ ಸಿಕ್ಕ ಅನಾಥ ಮಕ್ಕಳನ್ನು ಮಿಷನ್‌ನವರು ಸಾಕಿದರು, ಓದಿಸಿದರು, ಹೆಸರಿಟ್ಟರು. ಅಪ್ಪನ ಮುತ್ತಾತ ಅಂಥ ಒಬ್ಬ ಹುಡುಗ. ಅವರ ಜಾತಿ ಯಾರಿಗೂ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲ.

ಅಮ್ಮನ ಕಡೆಯದು ಬೇರೆ ಕತೆ. ಹೊಲೆಯರ ಕೇರಿಯಿಂದ ಬಂದವರು. ಅಮ್ಮನ ತಾತ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದ ಮೇಲೆ ಊರಲ್ಲಿ ಇರೋಕೆ ಬಿಡಲಿಲ್ಲ, ಪೇಟೆ ಸೇರಿದರು. ಈ ಕಡೆ ನನ್ನ ಗಂಡನ ಮನೆಯವರು ಮಾದಿಗರಿಂದ ಬಂದವರು, ಹಳೇ ಕಾಗದದಲ್ಲೆಲ್ಲ ಆದಿ ಕರ್ನಾಟಕ ಅಂತಿದೆ.

ತಮಾಷೆ ಅಂದರೆ ನನ್ನ ಮದುವೆ ಮಾತು ಬಂದಾಗ ಜಾಸ್ತಿ ಮೂಗು ಮುರಿದವರು ಅಪ್ಪನ ತಾಯಿ. ಆ ಮನೆಗೆ ತಮ್ಮ ಜಾತಿ ಯಾವುದು ಅಂತ ಗೊತ್ತಿಲ್ಲ, ಗಂಡಿನ ಜಾತಿ ಮಾತ್ರ ಪಕ್ಕಾ ಗೊತ್ತಿತ್ತು. ಗೊತ್ತಿಲ್ಲದ ಜಾತಿ ನಮ್ಮ ಸಭೆಯಲ್ಲಿ ಯಾವಾಗಲೂ ಮೇಲಿನ ಜಾತಿಯೇ ಆಗಿಬಿಡುತ್ತದೆ. "ನಮ್ಮವರು ಗೌಡರಿದ್ದಿರಬಹುದು" ಅಂತಾರೆ. "ಹೊಲೆಯರಿದ್ದಿರಬಹುದು" ಅಂದ ಒಬ್ಬರನ್ನೂ ನಾನು ನೋಡಿಲ್ಲ.

ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. ಕೊಂಕಣಿ ಕೆಥೋಲಿಕರಲ್ಲಿ ಬಾಮೊಣ್, ಚಾರೊಡಿ, ಶುದಿರ್ ಅನ್ನೋ ಜಾತಿ ಲೆಕ್ಕ ಗೋವಾದಿಂದ ಮಂಗಳೂರಿಗೆ ಅವರ ಜೊತೆಗೇ ಬಂತು. ಬಾಸೆಲ್ ಮಿಷನ್‌ನವರು ಜಾತಿಯ ವಿಷಯದಲ್ಲಿ ಬಹಳ ಬಿಗಿ ಇದ್ದರು. ಆದರೂ 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರ ಬಗ್ಗೆ ಇವತ್ತಿಗೂ ಯಾರು ಮಾತಾಡಿದರೂ ಮೊದಲು ಹೇಳೋದು "ಬ್ರಾಹ್ಮಣರು" ಅಂತ. ಅವರು ಬಾಸೆಲ್‌ಗೆ ಹೋಗಿ ಓದಿ ಬಂದು ಪಾದ್ರಿಯಾದದ್ದು ಆಮೇಲೆ ಬರುತ್ತದೆ. ಅದೇ ಕಾಲದಲ್ಲಿ ಸಭೆ ಸೇರಿದ ಬಿಲ್ಲವರ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಹೊರಗೆ ನಡೆದ ಗಲಾಟೆ ನಿಮಗೆ ಗೊತ್ತೇ ಇದೆ. ಸಮೀಕ್ಷೆಯ ಪಟ್ಟಿಯಲ್ಲಿ ಬ್ರಾಹ್ಮಣ ಕ್ರೈಸ್ತ, ಕುರುಬ ಕ್ರೈಸ್ತ, ಒಕ್ಕಲಿಗ ಕ್ರೈಸ್ತ ಅಂತೆಲ್ಲ ಇದ್ದದ್ದು ನೋಡಿ ವಿರೋಧ ಪಕ್ಷದವರು ಬೀದಿಗಿಳಿದರು. ರಾಜ್ಯಪಾಲರು ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಆಯೋಗ 33 ಹೆಸರುಗಳನ್ನು ಆ್ಯಪ್‌ನ ಪಟ್ಟಿಯಲ್ಲಿ ಕಾಣದ ಹಾಗೆ ಮಾಡುತ್ತೇವೆ, ಯಾರಿಗಾದರೂ ಬೇಕಿದ್ದರೆ ಅವರೇ ಹೇಳಿ ಬರೆಸಬಹುದು ಅಂದಿತು. ಹೈಕೋರ್ಟ್ ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಉತ್ತರ ಕೊಡೋದು ಜನರ ಇಷ್ಟ, ಬಲವಂತ ಮಾಡಬಾರದು ಅಂತ ಹೇಳಿತು.

ಟಿವಿಯಲ್ಲಿ ಒಬ್ಬರು ಕೂಗುತ್ತಿದ್ದರು, ಕ್ರೈಸ್ತರಲ್ಲಿ ಜಾತಿ ಎಲ್ಲಿಂದ ಬಂತು ಅಂತ. ನಮ್ಮ ಖಜಾಂಚಿ ಅಂಕಲ್ ಹೇಳಿದ್ದೂ ಅದೇ ಅಲ್ವಾ? ನಮ್ಮನ್ನು ಕಂಡರೆ ಆಗದವರೂ ನಮ್ಮ ಹಿರಿಯರೂ ಒಂದೇ ಮಾತು ಆಡಿದ ಅಪರೂಪದ ಸಂದರ್ಭ.

ಇಬ್ಬರೂ ಬಿಟ್ಟ ವಿಷಯ ಒಂದಿದೆ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ. ಹಿಂದೂ ಅಲ್ಲದವರು ಪರಿಶಿಷ್ಟ ಜಾತಿ ಅಲ್ಲ ಅಂತ ಅದರ ಮೂರನೇ ಪ್ಯಾರಾ ಹೇಳಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಈ ಧರ್ಮದ ಷರತ್ತು ತೆಗೆಯಿರಿ ಅಂತ ವರದಿ ಕೊಟ್ಟಿತ್ತು. 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ಮಾಡಿದರು. ಅದರ ಅವಧಿ ಮುಗಿದಾಗ ಮತ್ತೆ ಮುಂದುವರಿಸಿದರು. ಸುಪ್ರೀಂ ಕೋರ್ಟ್‌ನಲ್ಲಿ ಇದೇ ಷರತ್ತಿನ ವಿರುದ್ಧ 2004ರಲ್ಲಿ ಹಾಕಿದ ಅರ್ಜಿಯ ಕತೆಯೂ ಹೀಗೇ ಎಳೆಯುತ್ತಾ ಬಂದಿದೆ.

ಕರ್ನಾಟಕದ ಲೆಕ್ಕ ಸ್ವಲ್ಪ ಬೇರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯ ಪ್ರವರ್ಗ 1ರಲ್ಲಿ ಬರುತ್ತಾರೆ. ಉಳಿದ ಕ್ರೈಸ್ತರು 3ಬಿ. ಅಂದರೆ ನಮ್ಮ ಮೂಲವನ್ನು ಸರ್ಕಾರ ಒಪ್ಪಿಕೊಂಡಿದೆ, ನಮ್ಮ ಸಭೆ ಒಪ್ಪಿಕೊಂಡಿಲ್ಲ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ಶೇ 1.87. ಇದರಲ್ಲಿ ದಲಿತ ಮೂಲದವರು ಎಷ್ಟು? ಜನಗಣತಿಯಲ್ಲಿ ಉತ್ತರ ಇಲ್ಲ. ಅಲ್ಲಿ ಪರಿಶಿಷ್ಟ ಜಾತಿ ಅಂತ ಎಣಿಸೋದು ಹಿಂದೂ, ಸಿಖ್, ಬೌದ್ಧರನ್ನು ಮಾತ್ರ. ಹಾಗಾಗಿ ಕ್ರೈಸ್ತರು ಅಂದ ತಕ್ಷಣ ಜನರ ಕಣ್ಣಿಗೆ ಬರೋದು ದೊಡ್ಡ ಕಾನ್ವೆಂಟು, ದೊಡ್ಡ ಆಸ್ಪತ್ರೆ, ಇಂಗ್ಲಿಷ್ ಮಾತಾಡುವ ಮೇಡಂ. ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಿ ಭಾನುವಾರ ಕಾಣಿಕೆ ಹಾಕೋ ನಮ್ಮ ಹಳ್ಳಿ ಸಭೆಯ ಹೆಂಗಸು ಯಾರ ಕಣ್ಣಿಗೂ ಬರೋದಿಲ್ಲ.

ಶಾಲೆಯ ರಿಜಿಸ್ಟರ್‌ನಲ್ಲಿ ಒಂದು ಹೆಸರು, ದೀಕ್ಷಾಸ್ನಾನದ ರಿಜಿಸ್ಟರ್‌ನಲ್ಲಿ ಇನ್ನೊಂದು ಹೆಸರು ಇರುವವರೂ ಇದ್ದಾರೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಒಬ್ಬ ಮಹಿಳೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಂಬಿಕೆ ಕ್ರೈಸ್ತರದ್ದು, ಮೀಸಲಾತಿ ಮಾತ್ರ ಪರಿಶಿಷ್ಟ ಜಾತಿಯದ್ದು ಬೇಕು ಅನ್ನೋದು ಸಂವಿಧಾನಕ್ಕೆ ಮಾಡುವ ಮೋಸ ಎಂದಿತು. ಕಾನೂನು ಹಾಗಿದೆ, ಸರಿ. ಆದರೆ ಬುದ್ಧನ ಹತ್ತಿರ ಹೋದರೆ ಉಳಿಯುವ ಜಾತಿ ಯೇಸುವಿನ ಹತ್ತಿರ ಹೋದರೆ ಹೇಗೆ ಮಾಯ ಆಗುತ್ತದೆ ಅಂತ ನನಗೆ ಯಾರಾದರೂ ಬಿಡಿಸಿ ಹೇಳಬೇಕು. ಕೇರಿಯವರು ದೇವರನ್ನು ಬದಲಿಸಿದರು ಅಂತ ಮೇಲಿನ ಬೀದಿಯವರು ಲೋಟ ಬದಲಿಸಿದ್ದನ್ನು ನಾನು ಕಂಡಿಲ್ಲ.

ಹೆದರಿಕೆಯ ವಿಷಯವನ್ನೂ ಹೇಳಬೇಕು. ಬೇರೆ ಜಾತಿಯವರಿಗೆ ಎಣಿಕೆ ಅಂದರೆ ಲಾಭ. ನಮಗೆ ಎಣಿಕೆ ಅಂದರೆ 2021 ನೆನಪಾಗುತ್ತದೆ. ಆ ಅಕ್ಟೋಬರ್‌ನಲ್ಲಿ ವಿಧಾನಮಂಡಲದ ಸಮಿತಿಯೊಂದು ರಾಜ್ಯದ ಚರ್ಚ್‌ಗಳ ಸಮೀಕ್ಷೆ ಮಾಡಿ ಅಂದಿತ್ತು. ಡಿಸೆಂಬರ್‌ನಲ್ಲಿ ಮತಾಂತರ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಪರಿಷತ್ತಿನ ಒಪ್ಪಿಗೆ. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟರನ್ನು ಬಲವಂತ ಇಲ್ಲವೇ ಆಮಿಷದಿಂದ ಮತಾಂತರ ಮಾಡಿದರೆ ಹತ್ತು ವರ್ಷದವರೆಗೂ ಜೈಲು.

ನಮ್ಮಲ್ಲಿ ಯಾರನ್ನೂ ಯಾರೂ ಹೊಡೆಯಲಿಲ್ಲ. ಆದರೆ ಮನೆಗಳಲ್ಲಿ ನಡೆಯುತ್ತಿದ್ದ ಶುಕ್ರವಾರದ ಪ್ರಾರ್ಥನೆ ನಿಂತಿತು. ಕಾಯಿಲೆಯವರಿಗೆ ಪ್ರಾರ್ಥನೆ ಮಾಡೋಕೆ ಹೋಗುವಾಗ ಸ್ತ್ರೀಯರ ಅನ್ಯೋನ್ಯ ಕೂಟದವರು ಬೈಬಲ್ಲನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಆ ಕಾಯ್ದೆ ವಾಪಸ್ ಪಡೆಯುವ ತೀರ್ಮಾನ ಮಾಡಿತು. ಶುಕ್ರವಾರದ ಪ್ರಾರ್ಥನೆ ಅದಾದ ಮೇಲೂ ಎಷ್ಟೋ ಮನೆಗಳಲ್ಲಿ ಶುರುವಾಗಲಿಲ್ಲ. ಹಾಗಿದ್ದಾಗ ಮೊಬೈಲ್ ಹಿಡಿದು ಬಂದವರ ಮುಂದೆ "ನಾನು ಕ್ರೈಸ್ತ, ನನ್ನ ಮೂಲ ಇಂಥದ್ದು" ಅನ್ನೋಕೆ ಹಳ್ಳಿಯವರು ಹಿಂದೆಮುಂದೆ ನೋಡಿದರೆ ತಪ್ಪು ಯಾರದು?

ಆ ಭಾನುವಾರ ಅಯ್ಯನವರು, ಅಂದರೆ ನಮ್ಮ ಪಾದ್ರಿ, ಗಲಾತ್ಯದವರಿಗೆ ಬರೆದ ಪತ್ರದ ಮೂರನೇ ಅಧ್ಯಾಯ ತಗೊಂಡರು. ಯೆಹೂದ್ಯ, ಗ್ರೀಕ ಅನ್ನೋ ಭೇದ ಇಲ್ಲ, ಎಲ್ಲರೂ ಒಂದೇ. ಒಳ್ಳೆಯ ಪ್ರಸಂಗ. ನಾನು ಕೂತಲ್ಲೇ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆದುಕೊಂಡು ಓದುತ್ತಿದ್ದೆ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವವರು ಗೊಣಗಿದರು, ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಬಿಟ್ಟುಬಿಡ್ತಾರೆ ಅಂತ. "ನಾವೆಲ್ಲ ಕ್ರಿಸ್ತನಲ್ಲಿ ಒಂದೇ, ಆ ಕಡೆ ಈ ಕಡೆ ಅನ್ನಬೇಡಿ" ಎಂದು ಅಪೊಸ್ತಲರು ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ಆರಿಸಿ ಎಂದರು. ಆರಿಸಿದವರ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಯಾರದೋ ಹಂಚುವ ಕೆಲಸ ಅವರ ಕೈಗೇ ಹೋಯಿತು. ಇದರ ಮೇಲೆ ನಮ್ಮ ಸಭೆಯಲ್ಲಿ ನಾನು ಕೇಳಿದ ಪ್ರಸಂಗಗಳೆಲ್ಲ ಸ್ತೆಫನನ ಧೈರ್ಯದ ಬಗ್ಗೆಯೇ. ಊಟದ ಜಗಳದ ಬಗ್ಗೆ ಯಾರೂ ಮಾತಾಡೋದಿಲ್ಲ.

ಸಮೀಕ್ಷೆಗೆ ನಮ್ಮ ಮನೆಗೆ ಬಂದವರು ಸರ್ಕಾರಿ ಪ್ರೈಮರಿ ಶಾಲೆಯ ಮೇಡಂ. ಸರ್ವರ್ ಸಿಗದೆ ಪಾಪ ಅವರು ಮೆಟ್ಟಿಲ ಮೇಲೆ ಕೂತು ಎರಡು ಸಲ ಕಾಫಿ ಕುಡಿದರು. ಜಾತಿ ಕಾಲಂ ಬಂದಾಗ "ಕ್ರಿಶ್ಚಿಯನ್ ಅಂತ ಹಾಕ್ಲಾ ಮೇಡಂ?" ಅಂದರು. "ಮಾದಿಗ ಕ್ರೈಸ್ತ ಅಂತ ಹಾಕಿ" ಅಂದರು ನನ್ನ ಗಂಡ. ಅವರ ದನಿಯಲ್ಲಿ ಏನೂ ವಿಶೇಷ ಇರಲಿಲ್ಲ, ರೇಷನ್ ಕಾರ್ಡ್ ನಂಬರ್ ಹೇಳಿದ ಹಾಗಿತ್ತು. ಪಿಯುಸಿ ಓದುವ ಮಗಳು ನನ್ನ ಕಡೆ ತಿರುಗಿ ನೋಡಿದಳು. ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಜೋರಾಗಿ ಹೇಳಿದ್ದನ್ನು ಕೇಳಿದ್ದು ಮಾತ್ರ ಅವತ್ತೇ ಮೊದಲು.

ಅಮ್ಮ ಒಪ್ಪಲಿಲ್ಲ. ಅವರು ತಮ್ಮನ ಮನೆಯಲ್ಲಿ ಇರೋದು, ಅಲ್ಲಿ ಬರೀ ಕ್ರೈಸ್ತ ಅಂತ ಬರೆಸಿದರು. ಫೋನ್‌ನಲ್ಲಿ ನನ್ನ ಮೇಲೆ ರೇಗಿದರು: "ಆ ಹೆಸರಿನಿಂದ ಬಿಡಿಸಿಕೊಳ್ಳೋಕೆ ನಮ್ಮ ತಾತ ಊರೇ ಬಿಟ್ಟು ಬಂದ್ರು. ನೀನು ಅದನ್ನ ಕರ್ಕೊಂಡು ಬಂದು ಮತ್ತೆ ಜಗಲಿ ಮೇಲೆ ಕೂರಿಸ್ತೀಯಾ?" ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಖಜಾಂಚಿ ಅಂಕಲ್ ಜಾತಿ ಇಲ್ಲ ಅನ್ನೋದಕ್ಕೂ ಅಮ್ಮ ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ. ಅಮ್ಮ ಅದರ ಬೆಲೆ ಕೊಟ್ಟು ಹೇಳುತ್ತಾರೆ. ಅದಕ್ಕೇ ಎಲ್ಲರೂ ಹೀಗೇ ಬರೆಸಿ ಅಂತ ಗ್ರೂಪ್‌ನಲ್ಲಿ ನಾನು ಹಾಕಲಿಲ್ಲ. ಮೂಲ ಬರೆಸಬೇಡಿ ಅಂತ ದೇವಾಲಯದಲ್ಲಿ ಪ್ರಕಟಣೆ ಓದಬೇಡಿ ಅಂತ ಅಯ್ಯನವರಿಗೆ ಹೇಳಿದೆ, ಅಷ್ಟೇ. ಅವರು ತಲೆ ಆಡಿಸಿದರು. ಮುಂದಿನ ಭಾನುವಾರ ಓದಿಯೂ ಓದಿದರು. ಪಾಪ, ಅವರಿಗೂ ವರ್ಗಾವಣೆಯ ಚಿಂತೆ.

ನನಗೆ ಸಮೀಕ್ಷೆಗಿಂತ ಜಾಸ್ತಿ ಕಾಡೋದು ನಮ್ಮ ಸಭಾ ಕಮಿಟಿ. ನಮ್ಮ ಅಯ್ಯನವರ ಕೆಳಗೆ ಪೇಟೆ ದೇವಾಲಯ ಒಂದು, ಸುತ್ತ ಹಳ್ಳಿಗಳಲ್ಲಿ ಚಿಕ್ಕ ಚಿಕ್ಕ ಸಭೆಗಳು. ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೇರಿಯಿಂದ ಬಂದವರು. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡೋಕೆ ಅಲ್ಲಿಗೆ ಅಯ್ಯನವರು ಹೋಗೋದು ತಿಂಗಳಿಗೆ ಒಂದು ಸಲ. ಕಮಿಟಿಯಲ್ಲಿ ಮಾತ್ರ ಅದೇ ಪೇಟೆಯ ನಾಲ್ಕೈದು ಮನೆತನ. ಅಪ್ಪ ಇಳಿದರೆ ಮಗ, ಮಗ ಇಳಿದರೆ ಅಳಿಯ. ಚುನಾವಣೆ ಬಂದಾಗ ಪ್ಯಾನೆಲ್ ಕಟ್ಟುವವರಿಗೆ ಯಾರು ಯಾವ ಮೂಲ ಅಂತ ಬಾಯಿಪಾಠ. ಮಕ್ಕಳ ಓದಿಗೆ ಅಂತ ಇರುವ ನಿಧಿ ಪೇಟೆಯ ಮಕ್ಕಳ ಇಂಜಿನಿಯರಿಂಗ್ ಫೀಸಿಗೇ ಮುಗಿಯುತ್ತದೆ.

ಹಾಗಾಗಿ ಕಮಿಟಿಗೆ ಪತ್ರ ಕೊಟ್ಟೆ. ಹಳ್ಳಿ ಸಭೆಗಳಿಗೆ ಕಮಿಟಿಯಲ್ಲಿ ಅರ್ಧ ಜಾಗ ಬೇಕು. ಓದಿನ ನಿಧಿಯನ್ನು ಮೊದಲು ಅವರ ಮಕ್ಕಳಿಗೆ ಕೊಡಬೇಕು. ಹತ್ತು ವರ್ಷದಲ್ಲಿ ಅದು ಯಾರ್‍ಯಾರಿಗೆ ಹೋಗಿದೆ ಅನ್ನೋ ಪಟ್ಟಿ ಎಲ್ಲರ ಮುಂದೆ ಇಡಬೇಕು. ಕಾರ್ಯದರ್ಶಿ ಓದಿ, "ಸಿಸ್ಟರ್, ಇದು ಜಾತಿ ತಂದ ಹಾಗೆ ಆಗಲ್ವಾ?" ಎಂದರು. ಪತ್ರದಲ್ಲಿ ಜಾತಿ ಅನ್ನೋ ಪದ ಎಲ್ಲಿದೆ ತೋರಿಸಿ ಅಂದೆ. ಅವರು ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದರು.

ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ಮುಗಿದ ಮೇಲೆ ಚರ್ಚೆಗೆ ತಗೊಳ್ಳೋಣ ಅಂದಿದ್ದಾರೆ. ಆ ಲೆಕ್ಕ ಇನ್ನೂ ಮುಗಿದಿಲ್ಲ. ಪತ್ರಕ್ಕೆ ಸಹಿ ಹಾಕಿದ ಹಳ್ಳಿಯ ಒಬ್ಬ ಹಿರಿಯರು ಒಂದೇ ಮಾತು ಕೇಳಿದರು: ಸಭೆ ಕರೆದರೆ ಬುಧವಾರ ಬೇಡಮ್ಮ, ಒಂದು ದಿನದ ಕೂಲಿ ಹೋಗ್ತದೆ, ಭಾನುವಾರ ಮಧ್ಯಾಹ್ನ ಇಡಿಸು. ಕಾರ್ಯದರ್ಶಿಗೆ ಹೇಳಿದೆ. ಅದಕ್ಕೆ ಒಪ್ಪಿಕೊಂಡಿದ್ದಾರೆ. ಸದ್ಯಕ್ಕೆ ಒಪ್ಪಿರೋದು ಅದೊಂದೇ.