ಅಮ್ಮ ಜರ್ಮನಿಗೆ ಹೊರಡುವ ಮುಂಚೆ

ಮುಂದಿನ ವಾರ ಅಮ್ಮ ಮೈಸೂರಿನಿಂದ ಜರ್ಮನಿಗೆ, ತಂಗಿ ಮನೆಗೆ ಹೊರಟಿದ್ದಾರೆ. ಒಬ್ಬರೇ. ಚಟ್ನಿಪುಡಿ, ಹಪ್ಪಳ ಎಲ್ಲಾ ಆಗಲೇ ರೆಡಿ. ನನಗೆ ಚಿಂತೆ ಇದ್ದದ್ದು ಮಾತ್ರೆಗಳದ್ದು. ಬಿಪಿ ಮಾತ್ರೆಗಳನ್ನೆಲ್ಲ ಬಿಡಿಸಿ ಸಣ್ಣ ಸ್ಟೀಲ್ ಡಬ್ಬಿಗೆ ತುಂಬಿಟ್ಟಿದ್ದರು. ಹೆಸರೇ ಇಲ್ಲದ ಬಿಳಿ ಗುಳಿಗೆ ಏನು ಅಂತ ಕಸ್ಟಮ್ಸ್‌ನವರಿಗೆ, ಅಲ್ಲಿನ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಹೊಸ ಸ್ಟ್ರಿಪ್‌ಗಳನ್ನೇ ತಂದುಕೊಟ್ಟೆ. ಸರಸ್ವತಿಪುರಂನ ನಮ್ಮ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಚೀಟಿಯನ್ನೂ ಬರೆಸಿದೆ, ಅದರಲ್ಲಿ ಔಷಧಿಯ ಮೂಲ ಹೆಸರು ಇರಲೇಬೇಕು, ಯಾಕೆಂದರೆ ಇಲ್ಲಿನ ಬ್ರ್ಯಾಂಡ್ ಹೆಸರು ಅಲ್ಲಿಯವರಿಗೆ ಗೊತ್ತಿರಬೇಕು ಅಂತೇನಿಲ್ಲ. ಮಾತ್ರೆ ಕೈಚೀಲದಲ್ಲೇ ಇರಲಿ. ಸೂಟ್‌ಕೇಸ್ ಎಲ್ಲೋ ಉಳಿದುಬಿಟ್ಟರೆ ಕಷ್ಟ ಅಲ್ವಾ? ಪವರ್ ಬ್ಯಾಂಕ್ ಕೂಡ ಕೈಚೀಲಕ್ಕೇ.

ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ಪ್ರಯಾಣದ ಆರೋಗ್ಯ ವಿಮೆ ಬೇಕೇ ಬೇಕು. ಸುಮ್ನೆ ಕಡಿಮೆ ಬೆಲೆಯದ್ದು ತಗೋಬೇಡಿ, ಮೊದಲಿನಿಂದ ಇರುವ ಕಾಯಿಲೆಗೂ ಅದು ಅನ್ವಯಿಸುತ್ತಾ ನೋಡಿ.

ಆಂಬುಲೆನ್ಸಿಗೆ ಅಲ್ಲೂ 112, ಪೊಲೀಸರಿಗೆ 110. ಇವನ್ನೂ ತಂಗಿಯ ವಿಳಾಸವನ್ನೂ ದಪ್ಪ ಅಕ್ಷರದಲ್ಲಿ ಬರೆದು, ಪಾಸ್‌ಪೋರ್ಟ್ ಜೆರಾಕ್ಸ್ ಜೊತೆ ಅಮ್ಮನ ಪರ್ಸಿಗೆ ಹಾಕಿದ್ದೇನೆ. ಫೋನ್ ಚಾರ್ಜ್ ಮುಗಿದರೂ ಆ ಕಾಗದ ಇರುತ್ತದೆ. ನಿನ್ನೆ ಅಮ್ಮ ಅದನ್ನು ಕನ್ನಡಕ ಹಾಕದೆಯೇ ಓದಿದರು.