ಅತ್ತೆ ಒಪ್ಪದ ಲಿಲ್ಲಿ

ಬೆಂಗಳೂರಿನಲ್ಲಿ ಮಳೆ ನಿಂತು ಚಳಿ ಶುರುವಾಗುವ ಹೊತ್ತಿಗೆ ಲಿಲ್ಲಿ ಗೆಡ್ಡೆ ನೆಡಬೇಕು. ಹಾಗಾಗಿ ತರಿಸಿದ್ದ ಗೆಡ್ಡೆಗಳನ್ನು ನವೆಂಬರ್ ತನಕ ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿ ಇಟ್ಟಿದ್ದೆ. ನೆಡೋಣ ಅಂತ ಗೊತ್ತು ಮಾಡಿದ್ದ ಭಾನುವಾರವೇ ತೀರ್ಥಹಳ್ಳಿಯಿಂದ ಅತ್ತೆ ಬಂದರು. ಕೊತ್ತಂಬರಿ ಸೊಪ್ಪಿಗೆ ಅಂತ ಡ್ರಾಯರ್ ಎಳೆದವರು ಗೆಡ್ಡೆಯ ಕವರ್ ಹಿಡಿದುಕೊಂಡು ಬಾಲ್ಕನಿಗೆ ಬಂದರು.

"ಎಂತ ಮಾರಾಯ್ತಿ ಇದು? ಸೇಬೆಲ್ಲ ಹೊರಗಿಟ್ಟು ಗೆಡ್ಡೆ ಒಳಗಿಟ್ಟಿದ್ದೀಯ?"

ಸೇಬು ಬೇಕಂತಲೇ ಹೊರಗಿಟ್ಟಿದ್ದೆ. ಸೇಬು, ಬಾಳೆಹಣ್ಣು ಹಣ್ಣಾಗುವಾಗ ಎಥಿಲೀನ್ ಅನ್ನೋ ಅನಿಲ ಬಿಡುತ್ತವೆ. ಪಕ್ಕದಲ್ಲಿ ಲಿಲ್ಲಿ ಗೆಡ್ಡೆ ಇದ್ದರೆ ಒಳಗಿನ ಮೊಗ್ಗೇ ಕೆಟ್ಟುಹೋಗಬಹುದು. ಈ ಗೆಡ್ಡೆಗಳು ಬರೋದು ಹಾಲೆಂಡಿನಿಂದ. ಹೂ ಬಿಡಬೇಕು ಅಂದರೆ ಆರೆಂಟು ವಾರ 2ರಿಂದ 5 ಡಿಗ್ರಿ ಥಂಡಿಯಲ್ಲಿ ಮಲಗಿರಬೇಕು. ಮಾರುವವರು ಅಷ್ಟು ಥಂಡಿ ಕೊಟ್ಟೇ ಕಳಿಸುತ್ತಾರೆ. ಆಮೇಲೆ ನಮ್ಮ ಅಕ್ಟೋಬರ್ ಸೆಕೆಗೆ ಸುಮ್ನೆ ಮೊಳಕೆ ಬರದಿರಲಿ ಅಂತ ಫ್ರಿಜ್ಜು. ನಿಜವಾದ ಲಿಲ್ಲಿ ಕುಲವೇ ಹಾಗೆ, ಚಳಿ ಸೀಮೆಯದು. ನಮ್ಮ ದಕ್ಷಿಣದಲ್ಲೂ ಒಂದು ಕಾಡು ಲಿಲ್ಲಿ ಇದೆ, ಉದ್ದನೆಯ ಬಿಳಿ ಹೂವಿನದು. ಅದು ಕೂಡ ನೀಲಗಿರಿ, ಪಳನಿ ಬೆಟ್ಟಗಳ ಎತ್ತರ ಹುಡುಕಿಕೊಂಡು ಕೂತಿದೆ.

ಅತ್ತೆ ಇಷ್ಟೂ ಕೇಳಿಸಿಕೊಂಡು, "ನಮ್ಮನೆ ಅಂಗಳದ ಲಿಲ್ಲಿಗೆ ಯಾವ ಫ್ರಿಜ್ಜಿತ್ತು?" ಅಂದರು. ತಮ್ಮ ಚೀಲದಿಂದ ಪೇಪರಿನಲ್ಲಿ ಸುತ್ತಿದ್ದ ನಾಲ್ಕೈದು ಗೆಡ್ಡೆ ತೆಗೆದು ನನ್ನ ಮುಂದಿಟ್ಟರು.

ಮಲೆನಾಡಿನ ಮನೆಗಳ ಮುಂದೆ ಏಪ್ರಿಲ್-ಮೇನಲ್ಲಿ ದೊಡ್ಡ ಕೆಂಪು ಹೂ ಬಿಡುತ್ತಲ್ವಾ, ಅದು. ನರ್ಸರಿಯವರು ಅಮರಿಲ್ಲಿಸ್ ಅಂತಾರೆ. ಪುಸ್ತಕದ ಹೆಸರು ಹಿಪ್ಪಿಯಾಸ್ಟ್ರಮ್. ಮೂಲ ದಕ್ಷಿಣ ಅಮೆರಿಕ, ಲಿಲ್ಲಿ ಕುಟುಂಬದ್ದೇ ಅಲ್ಲ. ಅದನ್ನು ಅತ್ತೆಗೆ ಹೇಳೋ ಧೈರ್ಯ ನನಗಾಗಲಿಲ್ಲ.

ಪೇಪರ್ ಹಾಸಿ ಎರಡೂ ಗೆಡ್ಡೆ ಪಕ್ಕಪಕ್ಕ ಇಟ್ಟುಕೊಂಡು ಕೂತೆವು. ಅತ್ತೆಯ ಗೆಡ್ಡೆ ದಪ್ಪ ಈರುಳ್ಳಿಯ ಹಾಗೆ, ಮೇಲೆ ಕಂದು ಸಿಪ್ಪೆ. ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೂ ಅದಕ್ಕೇನೂ ಆಗಲ್ಲ. ನನ್ನದಕ್ಕೆ ಸಿಪ್ಪೆಯೇ ಇಲ್ಲ. ಬರೀ ಬಿಳಿ ಎಸಳುಗಳು ಒಂದರ ಮೇಲೊಂದು ಒತ್ತಿಕೊಂಡಿವೆ. ಸ್ವಲ್ಪ ಜೋರಾಗಿ ಹಿಡಿದರೆ ಎಸಳು ಕಳಚಿ ಕೈಗೆ ಬರುತ್ತದೆ. ಬುಡದಲ್ಲಿ ಹಸಿ ಬೇರುಗಳು. ಒಣಗಿದರೆ ಕಥೆ ಮುಗಿಯಿತು, ಅದಕ್ಕೇ ಒದ್ದೆ ಕೋಕೋಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಹುದುಗಿಸಿ ಕಳಿಸುತ್ತಾರೆ.

ಕೆಂಪು ಮಣ್ಣು, ಮರಳು, ಎರೆಹುಳು ಗೊಬ್ಬರ ಬೆರೆಸಿ ಕುಂಡಕ್ಕೆ ತುಂಬಿದೆ. ನಾನು ಗೇಣು ಆಳಕ್ಕೆ ತೋಡುವುದು ನೋಡಿ ಅತ್ತೆಗೆ ತಡೆಯಲಾಗಲಿಲ್ಲ. "ಅಷ್ಟು ಆಳಕ್ಕೆ ಹೂತರೆ ಕೊಳೀತದೆ. ಕುತ್ತಿಗೆ ಮೇಲಿರಬೇಕು." ಅವರ ಗೆಡ್ಡೆಗೆ ಆ ಮಾತು ಸರಿ, ಕುತ್ತಿಗೆ ಮಣ್ಣಿನಿಂದ ಮೇಲೇ ಇರಬೇಕು. ಆದರೆ ಲಿಲ್ಲಿಯ ದಂಟು ಗೆಡ್ಡೆಯಿಂದ ಮೇಲೆ, ಮಣ್ಣಿನೊಳಗೆ ಇರುವಾಗಲೇ ಇನ್ನೊಂದು ಸುತ್ತು ಬೇರು ಬಿಡುತ್ತದೆ. ಗಿಡಕ್ಕೆ ಊಟ ಹಾಕೋದರಲ್ಲಿ ಆ ಬೇರಿನ ಪಾಲು ಜಾಸ್ತಿ. ಹಾಗಾಗಿ ಗೆಡ್ಡೆಯ ಮೇಲೆ ನಾಲ್ಕೈದು ಇಂಚು ಮಣ್ಣು ಇರಲೇಬೇಕು. ನನ್ನದು ನಾನು ಹೂತೆ, ಅವರದು ಅವರು ಕೂರಿಸಿದರು. ಇಬ್ಬರೂ ಇನ್ನೊಬ್ಬರ ಕುಂಡವನ್ನು ಅನುಮಾನದಿಂದಲೇ ನೋಡಿದೆವು.

ಒಂದು ಕುಂಡ ಒಳಗೇ ಇರಲಿ ಅಂತ ಹಾಲಿನ ಕಿಟಕಿ ಹತ್ತಿರ ಇಟ್ಟಿದ್ದೆ. ಅದು ಬೆಳಕಿನ ಕಡೆ ವಾಲಿ, ಉದ್ದಕ್ಕೆ ಸಣ್ಣಗೆ ಬೆಳೆಯಿತು. ದಿನಾ ಕುಂಡ ತಿರುಗಿಸಿ, ಕೋಲು ಕಟ್ಟಿದ ಮೇಲೆ ನಿಂತಿತು. ಬಾಲ್ಕನಿಯಲ್ಲಿ ಬೆಳಗಿನ ಬಿಸಿಲು ತಿಂದವು ಗಿಡ್ಡಕ್ಕೆ, ಗಟ್ಟಿಯಾಗಿ ಬಂದವು. ಲಿಲ್ಲಿಯನ್ನು ಮನೆಯೊಳಗೆ ಬೆಳೆಸೋದು ಅಂದರೆ ನನ್ನ ಪ್ರಕಾರ ಇಷ್ಟೇ: ಹೊರಗೆ ಬೆಳೆಸಿ, ಮೊಗ್ಗು ಬಣ್ಣ ತಿರುಗಿದ ಮೇಲೆ ಒಳಗೆ ತರೋದು. ಬಿಸಿಲು ತಾಗದಿದ್ದರೆ ಹೂವೂ ಹೆಚ್ಚು ದಿನ ಬಾಳುತ್ತದೆ.

ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಲು ಅತ್ತೆ ಮತ್ತೆ ಬಂದಿದ್ದರು. ಹೊರಡೋ ದಿನ ಬೆಳಿಗ್ಗೆ ನೋಡಿದರೆ ಒಳಗೆ ತಂದಿಟ್ಟಿದ್ದ ಕುಂಡದಲ್ಲಿ ಮೊದಲ ಹೂ ಅರಳಿತ್ತು. ಕಿತ್ತಳೆ ಬಣ್ಣ, ಒಳಗೆ ಕಪ್ಪು ಚುಕ್ಕಿ, ಅಂಗೈಯಷ್ಟು ಅಗಲ. ಅತ್ತೆ ಇಸ್ತ್ರಿ ಸೀರೆ ಉಟ್ಟು ರೆಡಿಯಾಗಿದ್ದವರು ಬಗ್ಗಿ ಮೂಗು ಹತ್ತಿರ ತಂದರು. ಎರಡು ಸಲ ಮೂಸಿದರು. ತಲೆ ಎತ್ತಿದಾಗ ಮೂಗಿನ ತುದಿ, ತಿಳಿ ಹಳದಿ ಸೆರಗು ಎರಡಕ್ಕೂ ಕಂದು ಪುಡಿ.

ಇವರು ಒದ್ದೆ ಬಟ್ಟೆ ತರಲು ಓಡಿದರು. ಬೇಡ ಅಂತ ಕೂಗಿದೆ. ಲಿಲ್ಲಿ ಪರಾಗಕ್ಕೆ ನೀರು ತಾಗಿಸಿ ಉಜ್ಜಿದರೆ ಕಲೆ ಕೂತೇಬಿಡುತ್ತದೆ. ಸೆಲ್ಲೋಟೇಪ್ ತುಂಡು ಮಾಡಿ, ಸೆರಗಿನ ಮೇಲೆ ಮೆಲ್ಲಗೆ ಒತ್ತಿ ಒತ್ತಿ ಎತ್ತಿದೆ. ಪುಡಿಯೆಲ್ಲ ಟೇಪಿಗೆ ಬಂತು. ಆಮೇಲೆ ಉಳಿದ ಹೂಗಳು ಬಿರಿಯುವಾಗಲೇ ಕೇಸರದ ತುದಿಗಳನ್ನು ಚಿವುಟಿ ತೆಗೆದೆ. ಪಕ್ಕದ ಮನೆ ಬೆಕ್ಕು ಬಾಲ್ಕನಿಯಿಂದ ಒಳಗೆ ಬರೋ ಅಭ್ಯಾಸದ್ದು. ಬೆಕ್ಕಿಗೆ ಲಿಲ್ಲಿ ಭಾರೀ ವಿಷ. ಎಲೆಯಿರಲಿ, ಮೈಗೆ ತಾಗಿದ ಪರಾಗ ನೆಕ್ಕಿದರೂ ಕಿಡ್ನಿ ಹೋಗಬಹುದು. ಹೂ ಇದ್ದಷ್ಟು ದಿನ ಬಾಲ್ಕನಿಗೆ ಯಾರೇ ಹೋದರೂ ಬಾಗಿಲು ಮುಚ್ಚಿಸೋದೇ ನನ್ನ ಕೆಲಸವಾಯಿತು.

ಲಾಲ್‌ಬಾಗಿನ ಕ್ಯೂನಲ್ಲಿ ನಿಂತಾಗಲೂ ಅತ್ತೆಯ ತಕರಾರು ಒಂದೇ. "ಚಂದ ಉಂಟು. ಆದ್ರೆ ಪರಿಮಳವೇ ಇಲ್ವಲ್ಲೇ. ದೇವರಿಗೆ ಹ್ಯಾಗೆ ಇಡೋದು?"

ನಾನು ನೆಟ್ಟಿದ್ದು ಏಷಿಯಾಟಿಕ್ ಅನ್ನೋ ಬಗೆಯ ಲಿಲ್ಲಿ. ಅದಕ್ಕೆ ವಾಸನೆ ಇರಲ್ಲ, ನಿಜ. ನಾನು ಸುಮ್ಮನಿದ್ದೆ. ಏಪ್ರಿಲ್‌ನಲ್ಲಿ ಅವರು ನೆಟ್ಟಿದ್ದು ಕೆಂಪಗೆ ಅರಳಿತು. ನನ್ನ ಲಿಲ್ಲಿಗಳ ಎಲೆ ಆಗಲೇ ಹಳದಿಯಾಗಿತ್ತು. ಮುಂದಿನ ವರ್ಷ ಅದೇ ಗೆಡ್ಡೆ ಹೂ ಬಿಡೋದು ಅನುಮಾನ, ನಮ್ಮೂರಿನ ಚಳಿ ಅದಕ್ಕೆ ಸಾಲದು. ಕೆಂಪು ಹೂವಿನ ಹತ್ತಿರ ಹೋಗಿ ಮೂಸಿ ನೋಡಿ, ಅತ್ತೆಗೆ ಫೋನ್ ಮಾಡಿದೆ.

"ನಿಮ್ಮ ಲಿಲ್ಲಿಗೂ ಪರಿಮಳ ಇಲ್ಲ ಅತ್ತೆ."

"ಅದಕ್ಕೆ ನಾನು ದುಡ್ಡು ಕೊಟ್ಟಿಲ್ವಲ್ಲೇ," ಅಂದರು.

ಈ ಸಲ ಓರಿಯೆಂಟಲ್ ಲಿಲ್ಲಿ ತರಿಸಿದ್ದೇನೆ. ಹೂವಿಗೆ ಇನ್ನೂ ಒಂದು ತಿಂಗಳು ಹೆಚ್ಚು ಕಾಯಬೇಕು. ಆದರೆ ಒಂದೇ ಹೂ ಅರಳಿದರೂ ಹಾಲೆಲ್ಲ ಘಮ್ಮೆನ್ನುತ್ತದೆ. ಬೆಲೆ ಎಷ್ಟು ಅಂತ ಅತ್ತೆಗೆ ಹೇಳಿಲ್ಲ.